ಮೊದಲು ಕತ್ತರಿ, ಆಮೇಲೆ ಪೆನ್ಸಿಲು

ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ‘ಫ್ಯಾಷನ್ ಡಿಸೈನಿಂಗ್ ಓದ್ತೀನಿ’ ಅಂದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, ‘ಬಟ್ಟೆ ಹೊಲಿಯೋದು ಕಲಿಯೋಕೆ ಬೆಂಗಳೂರಿಗೆ ಯಾಕೆ?’ ‘ನಾನು ಆಗೋದು ಡಿಸೈನರ್ರು, ಟೈಲರ್ ಅಲ್ಲ’ ಎಂದು ಅವಳು ಸಿಟ್ಟಾಗುತ್ತಾಳೆ. ವಾದ ಎಷ್ಟೇ ನಡೆದರೂ ಒಂದು ವಿಷಯದಲ್ಲಿ ಎರಡೂ ಕಡೆಯವರಿಗೆ ಒಮ್ಮತ ಇರುತ್ತದೆ: ಹೊಲಿಗೆ ಎಂದರೆ ಕೀಳು ಕೆಲಸ. ಈ ವೃತ್ತಿಗೆ ಇಳಿಯುವವರು ಮೊದಲು ಕಳಚಿಡಬೇಕಾದದ್ದು ಈ ಭಾವನೆಯನ್ನು.

ಉದ್ದ ಕಾಲಿನ ಹೆಣ್ಣಿನ ಚಿತ್ರ ಬರೆದು ಬಣ್ಣ ತುಂಬಿದರೆ ಡಿಸೈನ್ ಆಯಿತು ಎಂದುಕೊಂಡವರು ಬಹಳ. ಕಾಗದ ಚಪ್ಪಟೆ, ಮೈ ಹಾಗಲ್ಲ. ಚಿತ್ರದುರ್ಗದ ಸಂತೆಪೇಟೆಯಲ್ಲಿ ಒಳ್ಳೆಯ ಕೈಯ ಟೈಲರ್ ಒಬ್ಬರ ಪಕ್ಕ ಕೂತು ನೋಡಿ. ಇಬ್ಬರು ಹೆಂಗಸರ ಎದೆಯ ಸುತ್ತಳತೆ ಒಂದೇ ಇದ್ದೀತು. ಆದರೆ ಒಬ್ಬರ ಭುಜ ಇಳಿಜಾರು, ಇನ್ನೊಬ್ಬರ ಬೆನ್ನು ತುಸು ಬಾಗಿದ್ದು. ಟಕ್ಸ್ ಅರ್ಧ ಇಂಚು ಆಚೀಚೆಯಾದರೆ ಬ್ಲೌಸ್ ಕೆಟ್ಟಿತು. ನಮ್ಮ ಉಡುಪುಗಳಲ್ಲೆಲ್ಲ ಅತಿ ಕಷ್ಟದ್ದು ಬ್ಲೌಸೇ ಎನ್ನಲು ನನಗೆ ಸಂಕೋಚವಿಲ್ಲ. ಸೀರೆಯನ್ನು ಯಾರಾದರೂ ಉಡಬಹುದು, ಬ್ಲೌಸ್ ಆಗುವುದು ಒಬ್ಬರಿಗೇ.

ಕ್ರಾಸ್ ಕಟಿಂಗ್ ನಮ್ಮ ಟೈಲರ್‌ಗಳಿಗೆ ದಿನನಿತ್ಯದ ಕೆಲಸ. ಹಾಸಿಗೂ ಹೊಕ್ಕಿಗೂ ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಾಗ ಹಿಗ್ಗುತ್ತದೆ, ಮೈಗೆ ಒಗ್ಗಿ ಕೂರುತ್ತದೆ. 1920 ಮತ್ತು 30ರ ದಶಕಗಳಲ್ಲಿ ಪ್ಯಾರಿಸ್ಸಿನ ಮದಲೇನ್ ವಿಯೊನೆ ಲೋಕಪ್ರಸಿದ್ಧರಾದದ್ದು ಇದೇ ಓರೆ ಕತ್ತರಿಕೆಯಿಂದ. ಬಾಲ್ಯದಲ್ಲೇ ಹೊಲಿಗೆ ಕೆಲಸಕ್ಕೆ ಸೇರಿದ್ದ ಆಕೆ 1912ರಲ್ಲಿ ಸ್ವಂತ ಮಳಿಗೆ ತೆರೆದರು. ಪುಟ್ಟ ಮರದ ಬೊಂಬೆಗೆ ಬಟ್ಟೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ವಿನ್ಯಾಸ ಕಂಡುಕೊಳ್ಳುತ್ತಿದ್ದರು. ಕೋರಾ ಬಟ್ಟೆಯಲ್ಲೋ ಹಳೇ ಸೀರೆಯಲ್ಲೋ ನಮ್ಮ ಹುಡುಗಿಯೂ ಇದನ್ನು ಇಂದೇ ಶುರುಮಾಡಬಹುದು. ಗಿರಾಕಿಯ ರೇಷ್ಮೆಗೆ ಕತ್ತರಿ ಹಾಕುವುದು ಅದಾದ ಮೇಲೆ.

ಹೊಲಿಗೆ ಕಲಿಯಲು ದೂರ ಹೋಗಬೇಕಿಲ್ಲ. ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟು ಉಚಿತ ತರಬೇತಿ ನೀಡುತ್ತದೆ. ಐಟಿಐ ಪಠ್ಯದಲ್ಲಿ ಹೊಲಿಗೆಗೂ ಡ್ರೆಸ್ ಮೇಕಿಂಗಿಗೂ ಒಂದು ವರ್ಷದ ಕೋರ್ಸ್‌ಗಳಿವೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು: ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ. ದೊಡ್ಡ ಓದು ಬೇಕೆಂದರೆ 1997ರಿಂದ ಫ್ಯಾಷನ್ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆ ನಿಫ್ಟ್ ಬೆಂಗಳೂರಿನಲ್ಲೇ ಇದೆ. ನಾಲ್ಕು ವರ್ಷದ ಬಿ.ಡಿಸ್. ಪದವಿಗೆ ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ನಡೆಯುತ್ತದೆ. ಪ್ರವೇಶ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಅನ್ಯಾಯವೇ, ಹಾಗಾಗಿ ತಯಾರಿ ಒಂದೆರಡು ವರ್ಷ ಮುಂಚೆಯೇ ಶುರುವಾಗಬೇಕು. ಆದರೆ ಅಲ್ಲಿ ‘ಸಿಚುಯೇಷನ್ ಟೆಸ್ಟ್’ ಎಂಬ ಹಂತವೂ ಇದೆ. ಮುಂದಿಟ್ಟ ಸಾಮಾನಿನಲ್ಲೇ ಏನಾದರೂ ಕಟ್ಟಿ ತೋರಿಸಬೇಕು. ಕೈಯಿಂದ ಮಾಡಿ ಅಭ್ಯಾಸ ಇದ್ದವರಿಗೆ ಅಲ್ಲಿ ಭಯವಿಲ್ಲ.

ಇನ್ನೊಂದು ಪಾಠಶಾಲೆ ಹೊಸದುರ್ಗ ತಾಲ್ಲೂಕಿನಲ್ಲೇ ಇದೆ, ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ನಾಟಕಗಳನ್ನು ಊರೂರಿಗೆ ಕೊಂಡೊಯ್ಯುತ್ತಿದೆ. ಆ ನಾಟಕಗಳ ಉಡುಪುಗಳು ಬಯಲಿನ ಕೊನೆಯ ಸಾಲಿಗೂ ಕಾಣಬೇಕು, ಪರದೆಯ ಹಿಂದೆ ನಿಮಿಷದಲ್ಲಿ ಬದಲಾಗಬೇಕು, ತಿಂಗಳುಗಟ್ಟಲೆ ಟ್ರಂಕಿನಲ್ಲಿ ಮಡಚಿಟ್ಟರೂ ಬಾಳಬೇಕು. ಬಣ್ಣ ದೀಪದ ಕೆಳಗೆ ಹೇಗೆ ತಿರುಗುತ್ತದೆ, ಯಾವ ಬಟ್ಟೆ ನಡೆವಾಗ ಬೀಸುತ್ತದೆ ಎಂಬುದನ್ನು ಅಲ್ಲಿನ ನವೆಂಬರಿನ ನಾಟಕೋತ್ಸವದಲ್ಲಿ ಕೂತು ಕಲಿಯಬಹುದು. ಪ್ರೇಮಾ ಕಾರಂತರು ಬಂದದ್ದು ಇಂಥ ದಾರಿಯಿಂದಲೇ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ರಂಗಭೂಮಿಯಲ್ಲಿ ದುಡಿದು, ಚಲನಚಿತ್ರಕ್ಕೆ ಕಾಲಿಟ್ಟದ್ದು ವಸ್ತ್ರವಿನ್ಯಾಸಕಿಯಾಗಿ. ಆ ಚಿತ್ರ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’, ತ.ರಾ.ಸು. ಬರೆದ ಚಿತ್ರದುರ್ಗದ ಸಂಗೀತಗಾರನ ಕಥೆ. ಮುಂದೆ ‘ಫಣಿಯಮ್ಮ’ ನಿರ್ದೇಶಿಸಿದ ಅದೇ ಪ್ರೇಮಾ ಇವರು. ನಮ್ಮ ಕೋಟೆಯ ಕಥೆಗೆ ಬಟ್ಟೆ ತೊಡಿಸಿದ ಈ ಹೆಣ್ಣುಮಗಳ ಹೆಸರು ಜಿಲ್ಲೆಯ ಎಲ್ಲ ಹೊಲಿಗೆ ತರಗತಿಗಳಲ್ಲೂ ಕೇಳಿಬರಬೇಕು.

ಇನ್ನು ಬಟ್ಟೆಯ ಮಾತು. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಷ್ಟು ಕಲಿಸುವ ರಸ್ತೆ ಡಿಸೈನರ್‌ಗೆ ಇನ್ನೊಂದಿಲ್ಲ. ಮೊದಲು ಚಳ್ಳಕೆರೆ. ಡೆಕ್ಕನಿ ಕುರಿಯ ಒರಟು ಉಣ್ಣೆಯನ್ನು ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಾಕಿ, ಗುಂಡಿ ಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಅದರ ಕಪ್ಪು, ಕಂದು ಕುರಿಯದ್ದೇ ಬಣ್ಣ. ಮೈಗೆ ಚುಚ್ಚುತ್ತದೆ ನಿಜ. ಒಳಗೆ ಹತ್ತಿಯ ಲೈನಿಂಗ್ ಕೊಟ್ಟರೆ ಜಾಕೆಟ್ಟೂ ಚೀಲವೂ ಆದೀತು. ಎಷ್ಟು ಭಾರ ಬೀಳುತ್ತದೆ, ಹೊಲಿಗೆ ತಡೆಯುತ್ತದೆಯೇ ಎಂದು ಹೊಲಿದೇ ನೋಡಬೇಕು.

ಅಲ್ಲಿಂದ ಮುಂದೆ ನೇರ ಬಳ್ಳಾರಿಗೆ ಹೋಗಬೇಡಿ. ಹೆದ್ದಾರಿಯಿಂದ ತುಸು ಒಳಗೆ ಮೊಳಕಾಲ್ಮೂರಿದೆ. ಅಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹೂವು, ಹಣ್ಣು, ಪ್ರಾಣಿಗಳ ಚಿತ್ತಾರ ಅದರ ಗುರುತು. ಆದರೂ ದಾವಣಗೆರೆಗೆ ಜವಳಿ ತೆಗೆಯಲು ಹೋಗುವ ಎಷ್ಟೋ ಮದುವೆ ಮನೆಯವರು ಕಂಚಿ ಸೀರೆಯನ್ನೇ ಕೇಳುತ್ತಾರೆ. ಇದು ಮನಸ್ಸಿಗೆ ನೋವು ತರುವ ಸಂಗತಿ. ಬೆಂಗಳೂರಿನಲ್ಲಿ ಚಿಮ್ಮಿ ನಂಜಪ್ಪ ಮತ್ತು ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ‘ವಿಮೋರ್’ ಕಟ್ಟಿದ್ದು ಹಳೇ ಸೀರೆಗಳಿಂದ. ದೇವಸ್ಥಾನಗಳ ಹರಾಜಿನಲ್ಲಿ ಸಿಕ್ಕ ಸೀರೆಗಳನ್ನು ನೇಕಾರರಿಗೆ ತೋರಿಸಿ, ಮರೆತುಹೋದ ಅಂಚುಗಳನ್ನು ಮತ್ತೆ ನೇಯಿಸಿದರು. ನಮ್ಮ ಅಜ್ಜಿಯಂದಿರ ಪೆಟ್ಟಿಗೆಯಲ್ಲಿರುವ ಮೊಳಕಾಲ್ಮೂರು ಸೀರೆಗಳನ್ನು ಫೋಟೊ ತೆಗೆದು, ಅಂಚಿನ ಎಳೆ ಎಣಿಸಿ ಬರೆದಿಡುವ ಕೆಲಸಕ್ಕೆ ಯಾವ ಪದವಿಯೂ ಬೇಡ.

ನೇಯಿಸಲು ಹೊರಟಾಗ ಒಂದು ಲೆಕ್ಕ ಗೊತ್ತಿರಲಿ. ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಅದರಲ್ಲಿ ಹಲವು ಸೀರೆ ಬರುತ್ತವೆ, ಒಂದೇ ಸೀರೆಗಾಗಿ ನೇಕಾರರು ಹಾಸು ಬದಲಿಸಲಾರರು. ಇಡೀ ಹಾಸಿನ ರೇಷ್ಮೆಗೂ ಕೂಲಿಗೂ ಮುಂಗಡ ಕೈಯಲ್ಲಿರಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಸ್ನೇಹಿತೆಯರು ಮೂರ್ನಾಲ್ಕು ಮಂದಿ ಕೂಡಿ ಒಂದು ಹಾಸು ಹಾಕಿಸಿ, ಹೊಕ್ಕಿನ ಬಣ್ಣ ಬದಲಿಸಿಕೊಂಡರೆ ಪ್ರತಿ ಸೀರೆಗೂ ಬೇರೆಯದೇ ಛಾಯೆ ಬರುತ್ತದೆ.

ರಸ್ತೆಯ ಕೊನೆಗೆ ಬಳ್ಳಾರಿಯ ಜೀನ್ಸ್. ಒಂದರ ಮೇಲೊಂದು ಬಟ್ಟೆ ಹಾಸಿ ಒಟ್ಟಿಗೆ ಕತ್ತರಿಸುವುದು, ಒಂದು ಪ್ಯಾಟರ್ನನ್ನು ಸೈಜು ಸೈಜಿಗೆ ಹಿಗ್ಗಿಸುವುದು, ವಾಷಿಂಗ್‌ಗೆ ಹೋಗಿ ಬಂದ ಬಟ್ಟೆ ಎಷ್ಟು ಕುಗ್ಗುತ್ತದೆ ಎಂದು ಮೊದಲೇ ಅಂದಾಜು ಹಾಕುವುದು, ಇವೆಲ್ಲ ಅಲ್ಲಿನ ಘಟಕಗಳ ದಿನದ ವ್ಯವಹಾರ. ಬ್ಲೌಸ್ ಒಂದೊಂದೇ ಹೊಲಿಯುತ್ತಿದ್ದವರು ಸ್ವಂತ ಬ್ರ್ಯಾಂಡಿನ ನೂರು ಪೀಸ್ ಮಾಡಿಸುವ ದಿನ ಬಂದಾಗ ಬೇಕಾಗುವುದು ಈ ತಿಳಿವಳಿಕೆ. ಅಲ್ಲಿ ಒಂದು ಸೀಸನ್ ಕೆಲಸಕ್ಕೆ ಸೇರಿ, ಸಂಬಳ ಎಷ್ಟೇ ಇರಲಿ.