ತಪ್ಪಿದ ಲೆಕ್ಕ ತೋರಿಸಿದ ದಾರಿ

ಕೊಳೆತ ಮೊಟ್ಟೆ ಒಡೆದರೆ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಅನಿಲವೇ ಹೈಡ್ರೋಜನ್ ಸಲ್ಫೈಡ್. ಜರ್ಮನಿಯ ಮೈನ್ಜ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮಿಖಾಯಿಲ್ ಎರೆಮೆಟ್ಸ್ ತಂಡ ಅದನ್ನು ತಣಿಸಿ, ಎರಡು ವಜ್ರಗಳ ಮೊನೆಗಳ ನಡುವೆ ಇಟ್ಟು ಹಿಂಡಿತು. ಮೊನೆಯ ಅಗಲ ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು. ಒತ್ತಡ ಮಾತ್ರ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 15 ಲಕ್ಷ ಪಟ್ಟು. ಆ ಇಕ್ಕಟ್ಟಿನಲ್ಲಿ ಅನಿಲ ಹೋಗಿ ಲೋಹವಾಯಿತು. ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅದು ಅತಿವಾಹಕ. ಅಂದರೆ ವಿದ್ಯುತ್ ಹರಿಯಲು ಕಿಂಚಿತ್ತೂ ತಡೆಯಿಲ್ಲ. 2015ರಲ್ಲಿ 'ನೇಚರ್' ಇದನ್ನು ಪ್ರಕಟಿಸಿದಾಗ, ಅದಕ್ಕಿಂತ ಬೆಚ್ಚಗಿನ ಅತಿವಾಹಕ ಬೇರೊಂದಿರಲಿಲ್ಲ.

ಹಿಂಡಲು ಈ ಗಬ್ಬು ಅನಿಲವೇ ಏಕೆ ಬೇಕಿತ್ತು? ಕಂಪ್ಯೂಟರ್ ಹೇಳಿತ್ತು, ಅದಕ್ಕೆ.

1911ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಅತಿವಾಹಕತೆ ಕಂಡಂದಿನಿಂದ ಹೊಸ ಅತಿವಾಹಕ ಸಿಕ್ಕಿದ್ದೆಲ್ಲ ಬಹುಪಾಲು ತಡಕಾಟದಲ್ಲೇ. ನೂರಾರು ಅತಿವಾಹಕಗಳನ್ನು ಹುಡುಕಿದ ಬರ್ನ್ಡ್ ಮಥಿಯಾಸ್, ಈ ಕೆಲಸದಲ್ಲಿ ಸಿದ್ಧಾಂತಿಗಳಿಂದ ದೂರವಿರಿ ಎನ್ನುತ್ತಿದ್ದರಂತೆ. ಆದರೆ 1968ರಲ್ಲಿ ಸಿದ್ಧಾಂತಿ ನೀಲ್ ಆ್ಯಶ್‌ಕ್ರಾಫ್ಟ್ ಒಂದು ಮಾತು ಹೇಳಿದ್ದರು: ಹೈಡ್ರೋಜನ್ ಎಲ್ಲಕ್ಕಿಂತ ಹಗುರ, ಅದರ ಪರಮಾಣುಗಳ ಕಂಪನ ಬಲು ಚುರುಕು, ಎಲೆಕ್ಟ್ರಾನುಗಳನ್ನು ಜೋಡಿ ಮಾಡುವುದು ಆ ಕಂಪನವೇ; ಆದ್ದರಿಂದ ಹೈಡ್ರೋಜನ್ ಲೋಹವಾದರೆ ಒಳ್ಳೆಯ ಅತಿವಾಹಕವಾದೀತು. ಆದರೆ ಅದಕ್ಕೆ ಬೇಕಾದಷ್ಟು ಒತ್ತಡ ಕೈಗೆಟುಕುವಂತಿರಲಿಲ್ಲ. 2004ರಲ್ಲಿ ಅವರೇ ಅಡ್ಡದಾರಿ ತೋರಿಸಿದರು: ಬೇರೆ ಧಾತುವಿನ ಜತೆ ಸೇರಿಸಿ, ಅರ್ಧ ಹಿಂಡುವ ಕೆಲಸ ಅದೇ ಮಾಡಲಿ.

ಯಾವ ಧಾತು, ಎಷ್ಟು ಹೈಡ್ರೋಜನ್, ಯಾವ ಜೋಡಣೆ? ಇಲ್ಲಿಗೆ ಬಂದದ್ದು ತಂತ್ರಾಂಶ. ಪೆಟ್ಟಿಗೆಯೊಳಗೆ ಪರಮಾಣುಗಳನ್ನು ಚೌಕಾಬಾರದ ಕವಡೆಯಂತೆ ಎರಚುವುದು, ಕ್ವಾಂಟಂ ಲೆಕ್ಕದಿಂದ ಅವು ತಂತಾನೇ ನೆಲೆ ಕಂಡುಕೊಳ್ಳಲು ಬಿಡುವುದು, ಶಕ್ತಿ ಕಡಿಮೆಯಿರುವ ಜೋಡಣೆಯನ್ನು ಇಟ್ಟುಕೊಂಡು ಮತ್ತೆ ಎರಚುವುದು. ಹೀಗೆ ಸಾವಿರಾರು ಸಲ. ಚೀನಾದ ಚಾಂಗ್‌ಚುನ್‌ನ ಜಿಲಿನ್ ವಿಶ್ವವಿದ್ಯಾಲಯದಲ್ಲಿ ಯಾನ್ಮಿಂಗ್ ಮಾ ತಂಡ ಕಟ್ಟಿದ 'ಕ್ಯಾಲಿಪ್ಸೊ' ಹಕ್ಕಿ ಹಿಂಡು ಮೇವು ಹುಡುಕುವ ರೀತಿಯನ್ನು ಅನುಸರಿಸುತ್ತದೆ: ಒಂದಕ್ಕೆ ಒಳ್ಳೆಯ ಜಾಗ ಸಿಕ್ಕರೆ ಉಳಿದವೂ ಅತ್ತ ವಾಲುತ್ತವೆ.

2014ರಲ್ಲಿ ಈ ತಂಡ, ಹೈಡ್ರೋಜನ್ ಸಲ್ಫೈಡ್ ಹಿಂಡಿದರೆ ಮೈನಸ್ 193 ಡಿಗ್ರಿಯ ಸುಮಾರಿಗೆ ಅತಿವಾಹಕವಾಗುತ್ತದೆ ಎಂದು ಲೆಕ್ಕ ಹಾಕಿತು. ಮೈನ್ಜ್‌ನವರು ಅದನ್ನು ನಂಬಿ ಹೊರಟರು. ಸಿಕ್ಕಿದ್ದು ನೂರಿಪ್ಪತ್ತು ಡಿಗ್ರಿ ಹೆಚ್ಚು! ಒತ್ತಡದಲ್ಲಿ ಅನಿಲ ಒಡೆದು, ಒಂದು ಗಂಧಕಕ್ಕೆ ಮೂರು ಹೈಡ್ರೋಜನ್ ಇರುವ ಬೇರೆಯೇ ವಸ್ತು ಹುಟ್ಟಿತ್ತು. ತಮಾಷೆಯೆಂದರೆ, ಆ ವಸ್ತುವಿನ ಲೆಕ್ಕವನ್ನೂ ಅದೇ ವಿಶ್ವವಿದ್ಯಾಲಯದ ಇನ್ನೊಂದು ತಂಡ ಅದೇ ವರ್ಷ ಸರಿಯಾಗಿ ಹಾಕಿಟ್ಟಿತ್ತು. ಪ್ರಯೋಗಾಲಯಕ್ಕೆ ಕಳಿಸಿದ್ದು ಮಾತ್ರ ತಪ್ಪಿದ ಲೆಕ್ಕ.

ಆಮೇಲೆ ಲೆಕ್ಕವೇ ಮುಂದೆ, ಪ್ರಯೋಗ ಹಿಂದೆ. ಹೈಡ್ರೋಜನ್ ಪಂಜರದೊಳಗೆ ಲ್ಯಾಂಥನಮ್ ಕೂರುವ ಸಂಯುಕ್ತ 2017ರಲ್ಲಿ ಕಾಗದದ ಮೇಲಿತ್ತು. 2019ರ ಹೊತ್ತಿಗೆ ಮೈನಸ್ 23 ಡಿಗ್ರಿಯಲ್ಲಿ ಅತಿವಾಹಕವಾಗಿ ಕೈಗೆ ಬಂತು. ಕ್ಯಾಲ್ಸಿಯಂನದು 2012ರ ಲೆಕ್ಕ, 2022ರ ಪ್ರಯೋಗ. ಈ ನಡುವೆ ಅಮೆರಿಕದಿಂದ ಬಂದ, ಕೋಣೆಯ ಉಷ್ಣತೆಯಲ್ಲೇ ಅತಿವಾಹಕ ಎಂಬ ಎರಡು ಘೋಷಣೆಗಳನ್ನು 'ನೇಚರ್' ಹಿಂಪಡೆಯಬೇಕಾಯಿತು.

ವಜ್ರದ ಹಿಡಿತ ಸಡಿಲಿಸಿದರೆ ಲ್ಯಾಂಥನಮ್ಮಿನ ಪಂಜರ ಉಳಿಯುವುದಿಲ್ಲ. ಹೀಗಾಗಿ ಆಸ್ಪತ್ರೆಗಳ ಬಹುಪಾಲು ಎಂಆರ್‌ಐ ಯಂತ್ರಗಳಲ್ಲಿ ನಿಯೋಬಿಯಂ-ಟೈಟಾನಿಯಂ ಸುರುಳಿಯನ್ನು ಇಂದಿಗೂ ತಣಿಸುತ್ತಿರುವುದು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ.