ಹಿಮದಡಿಯ ಬೆಚ್ಚನೆಯ ನೀರು

೧೮೮೧ರಲ್ಲಿ ಸೈಬೀರಿಯದ ಉತ್ತರಕ್ಕೆ ‘ಜೀನೆಟ್’ ಎಂಬ ಹಡಗು ಹಿಮದ ಒತ್ತಡಕ್ಕೆ ಸಿಕ್ಕಿ ಮುಳುಗಿತು. ಮೂರು ವರ್ಷಗಳ ತರುವಾಯ ಅದರ ಅವಶೇಷಗಳು ದೊರೆತುದು ಬಹುದೂರದ ಗ್ರೀನ್‌ಲೆಂಡಿನ ತೀರದಲ್ಲಿ! ತೇಲುವ ಹಿಮವೇ ಅವನ್ನು ಧ್ರುವಸಾಗರದ ಮೂಲಕ ಹೊತ್ತು ತಂದಿರಬೇಕೆಂದು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ತರ್ಕಿಸಿದನು. ಹಾಗಾದರೆ ಹಿಮವು ಇಡೀ ಹಡಗನ್ನೇ ಏಕೆ ಹೊರಬಾರದು? ಒತ್ತಿದಷ್ಟೂ ಮೇಲಕ್ಕೆ ಜಾರುವಂತೆ ದುಂಡಗಿನ ಒಡಲಿನ ‘ಫ್ರಾಮ್’ ನೌಕೆಯನ್ನು ಕಟ್ಟಿಸಿ, ೧೮೯೩ರ ಸೆಪ್ಟೆಂಬರಿನಲ್ಲಿ ಅದನ್ನು ಬೇಕೆಂದೇ ಹಿಮದಲ್ಲಿ ಸಿಕ್ಕಿಸಿದನು. ಸುಮಾರು ಮೂರು ವರ್ಷ ಅದು ಹಿಮದೊಡನೆ ಸಾಗಿತು.

ಆ ಸಾಗರವು ಆಳವಿಲ್ಲದ್ದೆಂದು ನಾನ್ಸೆನ್ ನಂಬಿದ್ದನು. ಆದುದರಿಂದ ಉದ್ದನೆಯ ಅಳತೆಯ ಹಗ್ಗವನ್ನು ಒಯ್ದಿರಲಿಲ್ಲ. ಹಡಗಿನ ಉಕ್ಕಿನ ಹಗ್ಗವೊಂದರ ಎಳೆಗಳನ್ನು ಬಿಡಿಸಿ, ಒಂದಕ್ಕೊಂದು ಹೊಸೆದು ಇಳಿಬಿಡಬೇಕಾಯಿತು. ತಳವು ಮೂರು ಸಾವಿರ ಮೀಟರಿಗೂ ಕೆಳಗಿತ್ತು. ಇದಕ್ಕಿಂತ ಸೋಜಿಗವಾದುದನ್ನು ಉಷ್ಣಮಾಪಕವು ತೋರಿಸಿತು. ಮೇಲಿನ ನೀರು ಸೊನ್ನೆಗಿಂತ ಒಂದೂವರೆ ಡಿಗ್ರಿ ಸೆಂಟಿಗ್ರೇಡಿಗೂ ಕೆಳಗೆ; ಸುಮಾರು ಇನ್ನೂರು ಮೀಟರಿನಾಚೆ ಸೊನ್ನೆಗಿಂತ ಮೇಲೆ!

ಒಲೆಯ ಮೇಲಿನ ಪಾತ್ರೆಯಲ್ಲಿ ಬಿಸಿನೀರು ಮೇಲೇಳುವುದನ್ನು ನಾವೆಲ್ಲರೂ ಬಲ್ಲೆವು. ಇಲ್ಲಿ ಅದು ಕೆಳಗೇಕೆ ಉಳಿಯಿತು? ಉಪ್ಪಿನ ಕಾರಣದಿಂದ. ಅಷ್ಟು ತಣ್ಣನೆಯ ನೀರಿನಲ್ಲಿ ಸಾಂದ್ರತೆಯನ್ನು ನಿರ್ಧರಿಸುವುದು ಶಾಖಕ್ಕಿಂತ ಹೆಚ್ಚಾಗಿ ಲವಣವೇ. ಓಬ್, ಯೆನಿಸೇ, ಲೇನಾ ನದಿಗಳು ತಂದು ಸುರಿಯುವ ಸಿಹಿನೀರು ಮೇಲ್ಪದರವನ್ನು ಹಗುರಗೊಳಿಸುತ್ತದೆ. ಅಟ್ಲಾಂಟಿಕ್ ಸಾಗರದಿಂದ ಬರುವ ನೀರು ಬೆಚ್ಚಗಿದ್ದರೂ ಹೆಚ್ಚು ಉಪ್ಪಾದುದರಿಂದ ಅಡಿಗೆ ಸರಿಯುತ್ತದೆ. ಇವೆರಡರ ನಡುವೆ, ಇಳಿದಂತೆಲ್ಲ ಉಪ್ಪು ಬೇಗಬೇಗನೆ ಏರುವ ತಣ್ಣನೆಯ ಪದರವೊಂದು ಮುಚ್ಚಳದಂತೆ ಕುಳಿತಿದೆ. ಮೇಲಿನ ಹಿಮವನ್ನೆಲ್ಲ ಹಲವು ಸಲ ಕರಗಿಸಬಲ್ಲಷ್ಟು ಶಾಖವು ಆ ಮುಚ್ಚಳದ ಕೆಳಗುಂಟು. ಧ್ರುವದ ಹಿಮವು ಉಳಿದಿರುವುದಕ್ಕೆ ಚಳಿಯಷ್ಟೇ ಉಪ್ಪೂ ಕಾರಣವೆಂದರೆ ನಮ್ಮ ಮಾತು ಅತಿಶಯವಾಗಲಾರದು.

ಆ ಮುಚ್ಚಳವು ಈಗ ಕೆಲವೆಡೆ ಸಡಿಲಗೊಂಡಿದೆ. ‘ಫ್ರಾಮ್’ ತೇಲಿಹೋದ ಸೈಬೀರಿಯದ ಕಡೆಯ ಆಳಸಾಗರದಲ್ಲಿಯೇ ಅದು ದುರ್ಬಲವಾಗಿ, ಚಳಿಗಾಲದಲ್ಲಿ ಕೆಳಗಿನ ಶಾಖವು ಮೇಲಕ್ಕೆ ಬರುತ್ತಿರುವುದನ್ನು ವಿಜ್ಞಾನಿಗಳು ೨೦೧೭ರಲ್ಲಿ ಪ್ರಕಟಿಸಿದರು. ೧೯೭೯ರ ಸೆಪ್ಟೆಂಬರಿನಲ್ಲಿ ಉತ್ತರಧ್ರುವ ಸಾಗರದ ಹಿಮವು ಸುಮಾರು ೭೦ ಲಕ್ಷ ಚದರ ಕಿಲೋಮೀಟರಿನಷ್ಟು ಹರಡಿತ್ತು. ೨೦೧೨ರ ಸೆಪ್ಟೆಂಬರಿನಲ್ಲಿ ಅದು ಸುಮಾರು ೩೪ ಲಕ್ಷಕ್ಕೆ ಇಳಿಯಿತು. ವಾಯುಮಂಡಲವು ಬಿಸಿಯಾಗುತ್ತಿರುವುದೇ ಇದಕ್ಕೆ ಮೂಲವೆಂಬುದು ನಿಜ. ಆದರೆ ಹಿಮದ ಹೊದಿಕೆ ಸರಿದೆಡೆಯಲ್ಲಿ ಗಾಳಿಯು ನೀರನ್ನು ಮೊಸರಿನಂತೆ ಕಡೆಯತೊಡಗುತ್ತದೆ. ಕಡೆದಷ್ಟೂ ಅಡಿಯ ಬೆಚ್ಚನೆಯ ಉಪ್ಪುನೀರು ಮೇಲಕ್ಕೆ ಬೆರೆಯುತ್ತದೆ. ಮುಂದಿನ ಚಳಿಗಾಲದಲ್ಲಿ ಅಲ್ಲಿ ಕಟ್ಟುವ ಹಿಮವು ಇನ್ನಷ್ಟು ತೆಳ್ಳಗಾಗುತ್ತದೆ.