ಮರುಭೂಮಿಯ ಲಾಳಗಾರನೂ ಗಣಕಯಂತ್ರವೂ

ಕುದುರೆಗೆ ಲಾಳ ಕಟ್ಟುವ ಕಸುಬಿಗೂ ಗಣಕಯಂತ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಒಂದು ಕುಲುಮೆಯ ಕೆಲಸ, ಇನ್ನೊಂದು ಲೆಕ್ಕದ ಕೆಲಸ. ಆದರೆ ಅಮೆರಿಕದ ನೈಋತ್ಯ ಭಾಗದಲ್ಲಿರುವ ಅರಿಜೋನಾ ರಾಜ್ಯದಲ್ಲಿ ಇವೆರಡೂ ಈಗ ಒಂದೇ ಟ್ರಕ್ಕಿನಲ್ಲಿ ಪ್ರಯಾಣ ಮಾಡುತ್ತಿವೆ. ಅಲ್ಲಿಯ ಲಾಳಗಾರನ ಬಳಿಗೆ ಕುದುರೆ ಬರುವುದಿಲ್ಲ. ಕುದುರೆಯ ಬಳಿಗೆ ಅವನೇ ಹೋಗಬೇಕು. ಅನಿಲದಿಂದ ಉರಿಯುವ ಪುಟ್ಟ ಕುಲುಮೆ, ಅಡಿಗಲ್ಲು, ಸುತ್ತಿಗೆ, ಇಕ್ಕಳ, ಅರ, ಲಾಳ, ಮೊಳೆ ಎಲ್ಲವನ್ನೂ ಗಾಡಿಯ ಹಿಂಭಾಗದಲ್ಲಿ ಹೇರಿಕೊಂಡು ಅವನು ಲಾಯದಿಂದ ಲಾಯಕ್ಕೆ ಸುತ್ತುತ್ತಾನೆ. ನಾಳೆ ಯಾವ ಕುದುರೆ, ಯಾವ ದಾರಿ, ಎಷ್ಟು ಹೊತ್ತಿಗೆ ಎಂಬುದನ್ನು ಗೊತ್ತುಮಾಡಲು ಅವನಿಗೆ ಕೈಫೋನಿನಲ್ಲಿರುವ ಒಂದು ತಂತ್ರಾಂಶ ನೆರವಾಗುತ್ತದೆ. ಈ ತಂತ್ರಾಂಶ ಮಾಡುವುದೇನು, ಮರುಭೂಮಿಯಲ್ಲಿ ಅದಕ್ಕೆ ಒದಗುವ ತೊಡಕುಗಳೇನು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಗೊರಸಿನ ವಿಷಯ. ನಮ್ಮ ಹಳ್ಳಿಗಳಲ್ಲಿ ಎತ್ತಿಗೆ ಲಾಳ ಕಟ್ಟುವುದನ್ನು ಅನೇಕರು ಕಂಡಿರಬಹುದು. ಎತ್ತನ್ನು ಹಗ್ಗದಿಂದ ಕೆಡವಿ, ಕಾಲುಗಳನ್ನು ಬಿಗಿದು, ಸೀಳುಗೊರಸಿಗೆ ಎರಡು ತುಂಡು ಲಾಳಗಳನ್ನು ಬಡಿಯುತ್ತಾರೆ. ಕುದುರೆಯದು ಸೀಳಿಲ್ಲದ ಗೊರಸು. ಅದಕ್ಕೆ ಬಾಗಿದ ಒಂದೇ ಲಾಳ. ಕೆಲಸ ನಡೆಯುವಾಗ ಕುದುರೆ ನಿಂತೇ ಇರುತ್ತದೆ. ಲಾಳಗಾರನು ಅದರ ಕಾಲನ್ನೆತ್ತಿ ತನ್ನ ತೊಡೆಗಳ ನಡುವೆ ಹಿಡಿದುಕೊಂಡು, ಸೊಂಟ ಬಗ್ಗಿಸಿ, ಬೆಳೆದ ಗೊರಸನ್ನು ಕತ್ತರಿಸಿ, ಅರದಿಂದ ಸಮಮಾಡಿ, ಲಾಳವನ್ನು ಅಳತೆಗೆ ತಂದು ಮೊಳೆ ಹೊಡೆಯುತ್ತಾನೆ. ನಾಲ್ಕು ಕಾಲಿಗೂ ಲಾಳ ಕಟ್ಟಲು ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಲಾಳವಿಲ್ಲದ ಕುದುರೆಯ ಗೊರಸನ್ನು ಬರಿದೆ ಸವರುವುದಾದರೆ ಇದರ ಅರ್ಧ ಹೊತ್ತು ಸಾಕು.

ನಮ್ಮ ಉಗುರಿನಂತೆ ಗೊರಸೂ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರಿನಷ್ಟು. ಲಾಳ ಕಟ್ಟಿದ ಗೊರಸು ನೆಲಕ್ಕೆ ತಗುಲಿ ಸವೆಯುವುದಿಲ್ಲವಾದ್ದರಿಂದ, ಬೆಳೆದದ್ದು ಹಾಗೆಯೇ ಉಳಿಯುತ್ತದೆ. ಗೊರಸಿನ ಮುಂದುಗಡೆ ಉದ್ದವಾಗಿ, ಕಾಲು ಊರುವ ಕೋನ ಬದಲಾಗಿ, ಹಿಂಬದಿಯ ಸ್ನಾಯುರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ಮೊಳೆಗಳು ಸಡಿಲವಾಗಿ ಲಾಳ ಜರುಗುತ್ತದೆ; ಜರುಗಿದ ಲಾಳದ ಮೊಳೆಯನ್ನೇ ಕುದುರೆ ತುಳಿದುಕೊಳ್ಳುವುದೂ ಉಂಟು. ಆದುದರಿಂದ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಿಗೊಮ್ಮೆ ಲಾಳ ಬಿಚ್ಚಿ, ಗೊರಸು ಸವರಿ, ಮತ್ತೆ ಕಟ್ಟಬೇಕು. ತೀರ ಮುಂಚೆ ಹೋದರೂ ತೊಂದರೆಯೇ. ಹೊಸ ಗೊರಸು ಸಾಕಷ್ಟು ಬೆಳೆದಿರುವುದಿಲ್ಲ. ಹಳೆಯ ತೂತುಗಳ ಪಕ್ಕದಲ್ಲೇ ಹೊಸ ತೂತು ಬಿದ್ದು ಗೊರಸಿನ ಗೋಡೆ ದುರ್ಬಲವಾಗುತ್ತದೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಂಚೆಯವನು ಒಂದು ದಿನ ತಡಮಾಡಿದರೆ ಕಾಗದ ಕೆಡುವುದಿಲ್ಲ. ಲಾಳಗಾರನು ಎರಡು ವಾರ ತಡಮಾಡಿದರೆ ಕುದುರೆ ಕುಂಟಬಹುದು.

ಇನ್ನು ಸ್ಥಳದ ವಿಷಯ. ಅರಿಜೋನಾದ ಫೀನಿಕ್ಸ್ ನಗರ ಸೊನೋರಾ ಮರುಭೂಮಿಯಲ್ಲಿದೆ. ಅದು ಸೇರಿರುವ ಮ್ಯಾರಿಕೋಪಾ ಕೌಂಟಿಯೊಂದರ ವಿಸ್ತೀರ್ಣವೇ ಸುಮಾರು 23,900 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಎಂಟನೆಯ ಒಂದು ಪಾಲು. ಕುದುರೆ ಸಾಕುವವರು ಈ ಬಯಲಿನ ಉದ್ದಗಲಕ್ಕೂ ಚೆದರಿಕೊಂಡಿದ್ದಾರೆ. ಈಶಾನ್ಯದ ಸ್ಕಾಟ್ಸ್‌ಡೇಲಿನಲ್ಲಿ 1955ರಲ್ಲಿ ಆರಂಭವಾದ ಅರಬ್ಬೀ ಕುದುರೆಗಳ ಪ್ರದರ್ಶನ ನಡೆಯುತ್ತದೆ. ವಾಯವ್ಯಕ್ಕೆ ಸುಮಾರು 85 ಕಿಲೋಮೀಟರು ದೂರದ ವಿಕೆನ್‌ಬರ್ಗ್ ಹಗ್ಗದ ಕುಣಿಕೆಯಿಂದ ದನ ಹಿಡಿಯುವ ಆಟಕ್ಕೆ ಹೆಸರಾದ ಊರು. ಉತ್ತರದ ರಾಜ್ಯಗಳಲ್ಲಿ ಹಿಮ ಬೀಳುವ ಕಾಲಕ್ಕೆ ಸವಾರರು ಕುದುರೆಗಳ ಸಮೇತ ಇಲ್ಲಿಗೆ ಬಂದಿಳಿಯುತ್ತಾರೆ. ಆಗ್ನೇಯದಲ್ಲಿ ಕ್ವೀನ್ ಕ್ರೀಕ್. ವಿಕೆನ್‌ಬರ್ಗಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಲಾಳ ಕಟ್ಟಿದ್ದಕ್ಕೆ ಹಣವುಂಟು. ದಾರಿ ಸವೆಸಿದ್ದಕ್ಕೆ ಬಹುಮಟ್ಟಿಗೆ ಇಲ್ಲ.

ಒಬ್ಬ ಲಾಳಗಾರನ ಪಾಲಿಗೆ 200 ಕುದುರೆಗಳಿವೆ ಎಂದಿಟ್ಟುಕೊಳ್ಳೋಣ. ಆರು ವಾರಗಳಲ್ಲಿ ದುಡಿಮೆಯ ದಿನಗಳು 30. ದಿನಕ್ಕೆ ಆರೋ ಏಳೋ ಕುದುರೆಗಳಾದುವು. ಅವು ಯಾವುವು, ಯಾವುದು ಮೊದಲು? ನಾಲ್ಕು ಸ್ಥಳಗಳಿದ್ದರೆ ಅವನ್ನು 24 ಬಗೆಯಲ್ಲಿ ಸುತ್ತಬಹುದು. ಎಂಟು ಸ್ಥಳಗಳಾದರೆ 40,320 ಬಗೆ. ಹನ್ನೆರಡಾದರೆ 47,90,01,600 ಬಗೆ! ಇದೇ ಗಣಿತಜ್ಞರು ‘ಸಂಚಾರಿ ವ್ಯಾಪಾರಿಯ ಸಮಸ್ಯೆ’ ಎಂದು ಕರೆಯುವ ಲೆಕ್ಕ. 1954ರಲ್ಲಿ ಡಾಂಟ್ಜಿಗ್, ಫುಲ್ಕರ್ಸನ್ ಮತ್ತು ಜಾನ್ಸನ್ ಎಂಬ ಮೂವರು ಅಮೆರಿಕದ 49 ಊರುಗಳನ್ನು ಸುತ್ತಿ ಬರುವ ಅತಿ ಹ್ರಸ್ವ ದಾರಿಯನ್ನು ಸಾಧಿಸಿ ತೋರಿಸಿದರು. 1959ರಲ್ಲಿ ಅದೇ ಡಾಂಟ್ಜಿಗ್ ರಾಮ್ಸರ್ ಎಂಬುವರೊಡನೆ, ಪೆಟ್ರೋಲ್ ಸಾಗಿಸುವ ಲಾರಿಗಳನ್ನು ಬಂಕುಗಳಿಗೆ ಹಂಚುವ ಲೆಕ್ಕವನ್ನು ಕೈಗೆತ್ತಿಕೊಂಡರು. ಅದೇ ವರ್ಷ ಹಾಲೆಂಡಿನ ಡೈಕ್‌ಸ್ಟ್ರಾ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಹುಡುಕುವ ಸರಳ ವಿಧಾನವನ್ನು ಪ್ರಕಟಿಸಿದರು. ಲಾಳಗಾರನ ಕೈಫೋನಿನೊಳಗೆ ಇಂದು ದುಡಿಯುತ್ತಿರುವುದು ಈ ಮನೆತನದ ಲೆಕ್ಕಗಳೇ.

ಇವುಗಳಲ್ಲಿ ಸುಲಭವಾದದ್ದು 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಹೇಳಿಕೊಟ್ಟ ‘ಉಳಿತಾಯ’ದ ವಿಧಾನ. ಲಾಳಗಾರನ ಮನೆಯಿಂದ ಒಂದು ಲಾಯ 60 ಕಿಲೋಮೀಟರು, ಇನ್ನೊಂದು 70 ಕಿಲೋಮೀಟರು ದೂರದಲ್ಲಿವೆ. ಅವೆರಡರ ನಡುವೆ 20 ಕಿಲೋಮೀಟರು ಎನ್ನೋಣ. ಎರಡಕ್ಕೂ ಬೇರೆ ಬೇರೆ ದಿನ ಹೋಗಿ ಬಂದರೆ ಒಟ್ಟು 260 ಕಿಲೋಮೀಟರು. ಒಂದೇ ದಿನ ಜೋಡಿಸಿದರೆ 150. ಉಳಿದದ್ದು 110. ಹೀಗೆ ಎಲ್ಲ ಜೋಡಿಗಳ ಉಳಿತಾಯವನ್ನೂ ಲೆಕ್ಕಹಾಕಿ, ದೊಡ್ಡದರಿಂದ ಆರಂಭಿಸಿ ಒಂದೊಂದಾಗಿ ಪೋಣಿಸುತ್ತ ಹೋದರೆ ಸಾಕಷ್ಟು ಒಳ್ಳೆಯ ದಾರಿ ಸಿಕ್ಕುತ್ತದೆ. ಆಮೇಲೆ ದಾರಿ ಎಲ್ಲಾದರೂ ತನ್ನನ್ನೇ ಅಡ್ಡಹಾಯ್ದಿದ್ದರೆ ಆ ಗಂಟನ್ನು ಬಿಡಿಸಿ ಇನ್ನಷ್ಟು ತಿದ್ದಬಹುದು. ಕೋಟಿಗಟ್ಟಲೆ ಬಗೆಗಳನ್ನೆಲ್ಲ ಪರೀಕ್ಷಿಸುವ ಗೋಜೇ ಇಲ್ಲ.

ಇಷ್ಟಕ್ಕೇ ಮುಗಿಯುವಂತಿದ್ದರೆ ಲಾಳಗಾರನಿಗೂ ಹಾಲು ಹಂಚುವವನಿಗೂ ವ್ಯತ್ಯಾಸವಿರುತ್ತಿರಲಿಲ್ಲ. ಇಲ್ಲಿ ಪ್ರತಿ ಕುದುರೆಗೂ ಅದರದೇ ಪಂಚಾಂಗವುಂಟು. ಪಂದ್ಯದ ಕುದುರೆಗೆ ಐದು ವಾರ, ಮನೆಯಲ್ಲಿ ನಿಂತ ಮುದಿ ಕುದುರೆಗೆ ಎಂಟು ವಾರ ಎಂಬಂತೆ ಅವಧಿಗಳು ಬೇರೆ. ಒಂದೇ ಲಾಯದ ಮೂರು ಕುದುರೆಗಳ ದಿನಗಳು ಹಿಂದುಮುಂದಾದರೆ ಆ ಲಾಯಕ್ಕೆ ಮೂರು ಸಲ ಹೋಗಬೇಕಾಗುತ್ತದೆ. ಆದುದರಿಂದ ತಂತ್ರಾಂಶವು ಪ್ರತಿ ಕುದುರೆಗೂ ಒಂದು ದಿನದ ಬದಲು, ಇಂಥ ದಿನದಿಂದ ಇಂಥ ದಿನದೊಳಗೆ ಎಂಬ ಒಂದು ಕಿಂಡಿಯನ್ನು ಇಟ್ಟುಕೊಳ್ಳುತ್ತದೆ. ನೆರೆಹೊರೆಯ ಕುದುರೆಗಳ ಕಿಂಡಿಗಳು ಎಲ್ಲಿ ಒಂದರ ಮೇಲೊಂದು ಬೀಳುತ್ತವೆಯೋ ಆ ದಿನವನ್ನು ಆ ಊರಿಗೆ ಮೀಸಲಿಡುತ್ತದೆ. ಹಿಂದಿನ ಲಾಳಗಾರರು ಸೋಮವಾರ ಈ ದಿಕ್ಕು, ಮಂಗಳವಾರ ಆ ದಿಕ್ಕು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದುದೂ ಇದನ್ನೇ. ಕೆಲಸ ಮುಗಿಸಿ ಲಾಯ ಬಿಡುವ ಮುನ್ನವೇ ಮುಂದಿನ ಸರದಿಯನ್ನು ಗೊತ್ತುಮಾಡುವ ಹಳೆಯ ರೂಢಿ ಇಂದಿಗೂ ಅಷ್ಟೇ ಅಗತ್ಯ.

ಈಗ ಬಿಸಿಲಿನ ಮಾತಿಗೆ ಬರೋಣ. ಮರುಭೂಮಿಯಲ್ಲಿ ನಿಜವಾಗಿ ಪಣಕ್ಕೆ ಬೀಳುವುದು ಇಲ್ಲಿಯೇ. 2023ರಲ್ಲಿ ಜೂನ್ 30ರಿಂದ ಜುಲೈ 30ರ ವರೆಗೆ ಸತತವಾಗಿ 31 ದಿನ ಫೀನಿಕ್ಸಿನ ಗರಿಷ್ಠ ಉಷ್ಣತೆ 43 ಡಿಗ್ರಿ ಸೆಂಟಿಗ್ರೇಡನ್ನು ಮೀರಿತು. ಆ ಒಂದು ವರ್ಷದಲ್ಲಿ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲ ಬೇಗೆಗೆ ಸಂಬಂಧಿಸಿದ 645 ಸಾವುಗಳನ್ನು ಅಲ್ಲಿಯ ಆರೋಗ್ಯ ಇಲಾಖೆ ದಾಖಲೆ ಮಾಡಿತು. ಅಂಥ ಬಿಸಿಲಿನಲ್ಲಿ ಉರಿಯುವ ಕುಲುಮೆಯ ಪಕ್ಕದಲ್ಲಿ, ಬೆನ್ನು ಬಗ್ಗಿಸಿ, ನಾನೂರೈನೂರು ಕಿಲೋಗ್ರಾಮು ತೂಕದ ಪ್ರಾಣಿಯ ಕಾಲನ್ನು ಹಿಡಿದು ದುಡಿಯುವವನ ಪಾಡನ್ನು ಊಹಿಸಿಕೊಳ್ಳಬಹುದು. ಕುದುರೆಗೂ ಅದು ಹಿಂಸೆಯೇ. ಬಿಸಿಲಿಗೆ ಬೇಸತ್ತು ನೊಣಕ್ಕೆ ಕಾಲು ಝಾಡಿಸುವ ಕುದುರೆ ಲಾಳಗಾರನ ಎಲುಬು ಮುರಿದೀತು.

ಆದ್ದರಿಂದ ಬೇಸಗೆಯಲ್ಲಿ ಅತಿ ಹತ್ತಿರದ ದಾರಿಯೇ ಅತಿ ಒಳ್ಳೆಯ ದಾರಿಯಲ್ಲ. ಜುಲೈ ಆರಂಭದಲ್ಲಿ ಫೀನಿಕ್ಸಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಐದೂಕಾಲರ ಸುಮಾರಿಗೆ. ಕುಲುಮೆ ಹೊತ್ತಿಸುವ ಕೆಲಸವೆಲ್ಲ ಆಗಲೇ ಆರಂಭವಾಗಿ ಹತ್ತು ಗಂಟೆಯೊಳಗೆ ಮುಗಿದರೆ ಮೇಲು. ನೆರಳಿನ ಚಪ್ಪರ, ಬೀಸಣಿಗೆ ಇರುವ ಲಾಯಗಳನ್ನೂ ಬರೀ ಸವರುವ ಕೆಲಸವನ್ನೂ ಕೊನೆಗೆ ಇಡಬಹುದು. ಇದನ್ನು ಯಂತ್ರಕ್ಕೆ ತಿಳಿಸುವ ಬಗೆ ಹೇಗೆ? ಹೊತ್ತಿಗೆ ತಕ್ಕಂತೆ ದಂಡ ಹಾಕುವುದರಿಂದ. ಹತ್ತು ಗಂಟೆಯ ಮೇಲೆ ಬಯಲಿನಲ್ಲಿ ಮಾಡುವ ಒಂದು ನಿಮಿಷದ ಕೆಲಸವನ್ನು ಮೂರು ನಿಮಿಷವೆಂದು ಎಣಿಸು ಎಂದು ಹೇಳಿದರಾಯಿತು. ಆಗ ಮೂವತ್ತು ಕಿಲೋಮೀಟರು ಹೆಚ್ಚು ಸುತ್ತಾದರೂ ನೆರಳಿಲ್ಲದ ಲಾಯವನ್ನೇ ಅದು ಮುಂಜಾನೆಗೆ ಆರಿಸುತ್ತದೆ. ಚಳಿಗಾಲದಲ್ಲಿ ದಂಡ ತೆಗೆದುಹಾಕಿದರೆ ದೂರದ ಲೆಕ್ಕವೇ ಮತ್ತೆ ಮುಂದಾಗುತ್ತದೆ.

ಮರುಭೂಮಿಯಲ್ಲಿ ನೀರಿನ ಭಯವೂ ಉಂಟೆಂದರೆ ಆಶ್ಚರ್ಯವಾದೀತು. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿಯ ಮಳೆಗಾಲ. ವರ್ಷವಿಡೀ ಒಣಗಿರುವ ಮರಳಿನ ಹಳ್ಳಗಳು, ದೂರದ ಬೆಟ್ಟದಲ್ಲಿ ಮಳೆಯಾದರೆ ಕ್ಷಣಮಾತ್ರದಲ್ಲಿ ತುಂಬಿ ರಸ್ತೆಯ ಮೇಲೆ ಹರಿಯುತ್ತವೆ. ತಡೆಗಟ್ಟೆ ಇಟ್ಟಿದ್ದರೂ ನೀರಿಗೆ ಗಾಡಿ ಇಳಿಸಿ ಸಿಕ್ಕಿಬಿದ್ದವನೇ ತನ್ನನ್ನು ಎತ್ತಿದ ಖರ್ಚನ್ನು ತೆರಬೇಕೆಂದು ಅರಿಜೋನಾ 1995ರಲ್ಲಿ ಕಾನೂನು ಮಾಡಿತು. ಹಳ್ಳ ದಾಟುವ ದಾರಿ ಯಾವುದು, ಸೇತುವೆಯಿರುವ ಸುತ್ತುದಾರಿ ಯಾವುದು ಎಂಬುದನ್ನು ತಂತ್ರಾಂಶ ಬೇರೆ ಬೇರೆಯಾಗಿ ಗುರುತಿಟ್ಟಿರಬೇಕು. ಮೋಡ ಕಟ್ಟಿದ ದಿನ ಮೊದಲನೆಯದನ್ನು ಅಳಿಸಿಬಿಡುವ ಅಧಿಕಾರ ಗಾಡಿ ಓಡಿಸುವವನಿಗಿರಬೇಕು.

ಗಡಿಯಾರದ್ದು ಇನ್ನೊಂದು ಸ್ವಾರಸ್ಯ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅರಿಜೋನಾ 1968ರಿಂದ ಈ ಪದ್ಧತಿಯನ್ನು ಬಿಟ್ಟಿದೆ. ಆದರೆ ಅದರ ಈಶಾನ್ಯ ಮೂಲೆಯ ನವಾಹೋ ಜನರ ನಾಡು ಅದನ್ನು ಪಾಲಿಸುತ್ತದೆ. ಆ ನಾಡು ಸುತ್ತುವರಿದಿರುವ ಹೋಪಿ ಜನರ ನೆಲ ಪಾಲಿಸುವುದಿಲ್ಲ. ಜುಲೈ ತಿಂಗಳಲ್ಲಿ ಒಂದೇ ರಸ್ತೆಯಲ್ಲಿ ಹೋಗುವವನಿಗೆ ಗಂಟೆ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ. ಕೈಫೋನು ತಾನಿರುವ ಜಾಗದ ಗಂಟೆಯನ್ನು ತೋರಿಸಿದರೆ ಸಾಲದು. ಯಜಮಾನನಿಗೆ ಎಂಟು ಗಂಟೆಗೆ ಬರುತ್ತೇನೆಂದು ಸಂದೇಶ ಹೋಗಿದ್ದರೆ ಅದು ಅವನ ಲಾಯದ ಎಂಟು ಗಂಟೆಯಾಗಿರಬೇಕು.

ಜನವಿರಳ ಬಯಲಿನಲ್ಲಿ ಕೈಫೋನಿನ ಸಂಪರ್ಕ ಕಡಿದುಹೋಗುವುದು ಸಾಮಾನ್ಯ. ಆದುದರಿಂದ ನಕ್ಷೆ, ಆ ದಿನದ ಪಟ್ಟಿ, ಪ್ರತಿ ಕುದುರೆಯ ಲಾಳದ ಅಳತೆ, ಅದರ ಸ್ವಭಾವ ಎಲ್ಲವೂ ಫೋನಿನೊಳಗೇ ಇರಬೇಕು. ಸಂಪರ್ಕ ಮರಳಿದಾಗ ಬದಲಾವಣೆಗಳು ಮನೆಯ ಪ್ರತಿಯೊಡನೆ ಕೂಡಿಕೊಳ್ಳಬೇಕು. ತೊಡಕು ಬರುವುದು ಈ ಕೂಡಿಕೆಯಲ್ಲಿ. ಬಯಲಿನಲ್ಲಿರುವ ಗಂಡ ಒಂದು ಸರದಿಯನ್ನು ಗುರುವಾರಕ್ಕೆ ಹಾಕಿದ. ಅದೇ ಹೊತ್ತಿಗೆ ಮನೆಯಲ್ಲಿ ಲೆಕ್ಕಪತ್ರ ನೋಡುವ ಹೆಂಡತಿ ಅದನ್ನು ಶುಕ್ರವಾರಕ್ಕೆ ಹಾಕಿದಳು. ಕೊನೆಗೆ ಬರೆದದ್ದೇ ಸರಿಯೆಂದು ಸುಮ್ಮನೆ ಅಳಿಸುವ ತಂತ್ರಾಂಶ ಒಬ್ಬ ಗಿರಾಕಿಯನ್ನು ಕಳೆದುಕೊಂಡಂತೆಯೇ. ಎರಡನ್ನೂ ತೋರಿಸಿ, ಯಾವುದಿರಲಿ ಎಂದು ಕೇಳುವುದು ಲೇಸು.

ಕಡೆಯದಾಗಿ, ನಡುವೆ ಬರುವ ಕರೆ. ಎಲ್ಲಿಯೋ ಒಂದು ಕುದುರೆಯ ಲಾಳ ಕಳಚಿಬಿದ್ದಿದೆ, ಬೇಗ ಬನ್ನಿ ಎನ್ನುತ್ತಾರೆ. ಈಗಿರುವ ಸ್ಥಳದಿಂದ ಮುಂದಿನ ಸ್ಥಳಕ್ಕೆ 15 ಕಿಲೋಮೀಟರು. ಹೊಸ ಲಾಯಕ್ಕೆ 12, ಅಲ್ಲಿಂದ ಮುಂದಿನದಕ್ಕೆ 9. ಹೆಚ್ಚಾಗುವುದು 6 ಕಿಲೋಮೀಟರು ಮಾತ್ರ. ಯಂತ್ರ ಒಡನೆ ಹೂಂಗುಟ್ಟುತ್ತದೆ. ಆದರೆ ಆ ಲಾಳ ಕಟ್ಟಲು ಹಿಡಿಯುವ ಅರ್ಧ ಗಂಟೆ, ದಿನದ ಕೊನೆಯ ಕುದುರೆಯನ್ನು ಬಿಸಿಲಿಗೆ ನೂಕುತ್ತದೆ. ಒಳ್ಳೆಯ ತಂತ್ರಾಂಶ ಈ ಆರು ಕಿಲೋಮೀಟರಿನ ಜೊತೆಗೆ, ಯಾರ ಸರದಿ ಎಷ್ಟು ಹೊತ್ತಿಗೆ ಜರುಗಿತು ಎಂಬುದನ್ನೂ ಲಾಳಗಾರನ ಕಣ್ಣಿಗೆ ಕಾಣಿಸಬೇಕು. ಆ ಕೊನೆಯ ಕುದುರೆ ಮುದಿಯಾಗಿದ್ದರೆ, ಗೊರಸಿನ ಉರಿಯಿಂದ ನರಳುತ್ತಿದ್ದರೆ, ಅದನ್ನು ನಾಳೆಯ ಮುಂಜಾನೆಗೆ ಇಡಬೇಕೆಂಬುದು ಅದರ ಕಾಲು ಮುಟ್ಟಿ ನೋಡಿದವನಿಗೆ ತಿಳಿದ ಸಂಗತಿ.

ಹೀಗೆ ನೋಡಿದರೆ, ಈ ತಂತ್ರಾಂಶದ ಬೆಲೆಯನ್ನು ಅದು ಉಳಿಸಿದ ಪೆಟ್ರೋಲಿನಿಂದ ಮಾತ್ರ ಅಳೆಯಲಾಗದು. ಆರು ವಾರದ ಕುದುರೆಗೆ ಆರನೆಯ ವಾರವೇ ಲಾಳ ಬಿದ್ದಿತೆ, ಬಿಸಿಲೇರುವ ಮುನ್ನ ಕುಲುಮೆ ಆರಿತೆ, ಹಳ್ಳ ತುಂಬಿದ ದಿನ ಗಾಡಿ ಈಚೆಯ ದಡದಲ್ಲೇ ನಿಂತಿತೆ, ಈ ಮೂರನ್ನು ಕೇಳಬೇಕು. ಮೂರಕ್ಕೂ ಹೌದೆಂಬ ಉತ್ತರ ಬಂದರೆ ಲಾಳಗಾರನು ಆ ಯಂತ್ರವನ್ನು ತನ್ನ ಅಡಿಗಲ್ಲಿನ ಪಕ್ಕದಲ್ಲಿ ಧಾರಾಳವಾಗಿ ಇರಿಸಿಕೊಳ್ಳಬಹುದು.